ಬಾತ್‌ನಿಂದ ಬ್ರಾಡ್‌ಫರ್ಡ್‌ವರೆಗೆ ಕಾಲುವೆಯ ಏರಿಯ ಮೇಲೆ: ಒಂದು ನಡೆದಾರಿಯ ವಿಮರ್ಶೆ

ಇಂಗ್ಲೆಂಡಿನ ಬಾತ್ ನಗರಕ್ಕೂ ಬ್ರಾಡ್‌ಫರ್ಡ್ ಆನ್ ಏವನ್ ಎಂಬ ಪುಟ್ಟ ಪಟ್ಟಣಕ್ಕೂ ನಡುವೆ ಕೆನೆಟ್ ಆಂಡ್ ಏವನ್ ಕಾಲುವೆಯ ದಡವನ್ನೇ ಹಿಡಿದು ಸಾಗುವ ಸುಮಾರು 16 ಕಿಲೋಮೀಟರ್ ಉದ್ದದ ನಡೆದಾರಿಯಿದೆ. ಹಿಂದೆ ಕುದುರೆಗಳು ಈ ದಡದ ಮೇಲೆ ನಡೆಯುತ್ತ ನೀರಿನಲ್ಲಿದ್ದ ಸರಕಿನ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದುದರಿಂದ ಇದಕ್ಕೆ ಟೋಪಾತ್ ಎಂದು ಹೆಸರು. ಮಗಳ ಮನೆ ಬ್ರಿಸ್ಟಲ್‌ನಲ್ಲಿರುವ ಕಾರಣ ನಾನು ಮತ್ತು ನನ್ನ ಪತ್ನಿ ಈ ದಾರಿಯನ್ನು ಎರಡು ಸಲ ನಡೆದಿದ್ದೇವೆ. ಒಮ್ಮೆ ಮೇ ತಿಂಗಳಲ್ಲಿ ಪೂರ್ತಿಯಾಗಿ, ಇನ್ನೊಮ್ಮೆ ಮಳೆಗಾಲವೆಂದೇ ಹೇಳಬಹುದಾದ ಅಲ್ಲಿನ ನವೆಂಬರಿನಲ್ಲಿ ಅರ್ಧ ಭಾಗ. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ನಮ್ಮ ವಯಸ್ಸಿನವರು ಒಂದು ಹಗಲನ್ನು ಇದಕ್ಕಾಗಿ ಮೀಸಲಿಡಬಹುದೇ ಎಂಬ ಪ್ರಶ್ನೆಗೆ ಈ ಬರಹದಲ್ಲಿ ಉತ್ತರಿಸಲು ಯತ್ನಿಸಿದ್ದೇನೆ.

ನಾನು ಬೆಳೆದದ್ದು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ನಮಗೆ ನಾಲೆಯೆಂದರೆ ಗದ್ದೆಗೆ ಹರಿಯುವ ನೀರು, ತೂಬು, ನೀರುಗಂಟಿ, ಕಟ್ಟುನೀರಿನ ಜಗಳ. ಆ ಕಣ್ಣಿನಿಂದ ನೋಡಿದಾಗ ಈ ಕಾಲುವೆಯ ವಿಚಿತ್ರ ಮೊದಲ ಅರ್ಧ ಗಂಟೆಯಲ್ಲೇ ಗಮನಕ್ಕೆ ಬರುತ್ತದೆ: ಇಲ್ಲಿನ ನೀರು ಹರಿಯುವುದಿಲ್ಲ, ಹರಿಯಬಾರದು ಕೂಡ. ಬಾತ್‌ನ ಮೇಲ್ತುದಿಯ ಲಾಕ್‌ನಿಂದ (ಲಾಕ್ ಎಂದರೆ ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಳ್ಳ ತೊಟ್ಟಿ) ಬ್ರಾಡ್‌ಫರ್ಡ್‌ನ ಲಾಕ್‌ವರೆಗೆ ಸುಮಾರು 9 ಮೈಲಿಯಷ್ಟು ದೂರ ನೀರು ಒಂದೇ ಮಟ್ಟದಲ್ಲಿ ನಿಂತಿದೆ. ಏವನ್ ನದಿ ಕೆಳಗೆ ಡೊಂಕುಡೊಂಕಾಗಿ ಹರಿಯುತ್ತಿರುವಾಗ ಕಾಲುವೆ ಮಾತ್ರ ಗುಡ್ಡದ ಪಕ್ಕೆಗೆ ಆನಿಕೊಂಡು, ಎಲ್ಲಿಯೂ ಒಂದಡಿ ಏರದೆ ಒಂದಡಿ ಇಳಿಯದೆ ಸಾಗುತ್ತದೆ. ಮಂಡಿನೋವಿನವರೂ ಈ ದಾರಿಯನ್ನು ನಡೆಯಬಹುದಾಗಿರುವುದು ಈ ಕಾರಣದಿಂದ. ಎಂಜಿನಿಯರ್ ಜಾನ್ ರೆನ್ನಿ 200 ವರ್ಷಗಳಿಗೂ ಹಿಂದೆ ದೋಣಿಗಳಿಗಾಗಿ ಕಾಯ್ದುಕೊಂಡ ಮಟ್ಟದ ಲಾಭ ಇಂದು ನಮ್ಮ ಮೊಣಕಾಲುಗಳಿಗೆ ದೊರೆಯುತ್ತಿದೆ.

ಲಂಡನ್‌ನ ಕಡೆಯ ಥೇಮ್ಸ್ ನದಿಯನ್ನೂ ಬ್ರಿಸ್ಟಲ್‌ನ ಕಡೆಯ ಏವನ್ ನದಿಯನ್ನೂ ಜೋಡಿಸುವ ಈ ಜಲಮಾರ್ಗದ ಒಟ್ಟು ಉದ್ದ 87 ಮೈಲಿ. ಅದು ಪೂರ್ಣಗೊಂಡದ್ದು 1810ರಲ್ಲಿ. ನಾಲ್ಕು ದಶಕ ಕಳೆಯುವಷ್ಟರಲ್ಲಿ ರೈಲು ಅದರ ವ್ಯಾಪಾರವನ್ನು ಕಸಿದುಕೊಂಡಿತು, 1852ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ ಕಾಲುವೆಯನ್ನೇ ಕೊಂಡುಕೊಂಡಿತು. ಸವತಿಯ ಕೈಗೆ ಸಿಕ್ಕ ಮಗುವಿನಂತೆ ಅದು ಸೊರಗುತ್ತ ಬಂದು 1950ರ ದಶಕದ ಹೊತ್ತಿಗೆ ಹಲವು ಕಡೆ ಬತ್ತಿಯೇ ಹೋಗಿತ್ತು. ಸ್ವಯಂಸೇವಕರ ದಶಕಗಳ ದುಡಿಮೆಯಿಂದ ಮತ್ತೆ ನೀರು ನಿಂತು, 1990ರ ಆಗಸ್ಟ್‌ನಲ್ಲಿ ಎರಡನೇ ಎಲಿಜಬೆತ್ ರಾಣಿ ಇದನ್ನು ಮರಳಿ ಉದ್ಘಾಟಿಸಿದರು. 2012ರಿಂದ ಇದರ ಉಸ್ತುವಾರಿ ಕೆನಾಲ್ ಆಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯದು.

ಬಾತ್‌ನಿಂದ ಹೊರಡುವುದೇ ಸರಿಯೆಂದು ನನ್ನ ಅಭಿಪ್ರಾಯ. ರೈಲು ನಿಲ್ದಾಣದ ಹಿಂಭಾಗದಲ್ಲಿ ಕಾಲ್ಸೇತುವೆ ದಾಟಿದರೆ ವಿಡ್‌ಕಮ್ ಎಂಬ ಬಡಾವಣೆ. ಕಾಲುವೆ ನದಿಯಿಂದ ಬೇರ್ಪಡುವುದು ಅಲ್ಲಿಯೇ. ಇಡೀ ದಾರಿಯಲ್ಲಿ ಏರು ಎಂಬುದಿದ್ದರೆ ಇದೊಂದು ತುಣುಕು ಮಾತ್ರ. ಸಾಲು ಲಾಕ್‌ಗಳು ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡಕ್ಕೆ ಏರಿಸುತ್ತವೆ: ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ನೀರನ್ನು ಒಳಗೆ ಬಿಟ್ಟು, ಕಲ್ಲಿನ ತೊಟ್ಟಿ ತುಂಬಿದಂತೆ ದೋಣಿ ತೇಲಿ ಮೇಲಕ್ಕೆ ಬರುತ್ತದೆ. ಇವುಗಳ ಪೈಕಿ ಡೀಪ್ ಲಾಕ್ ಎಂಬುದರ ಆಳ 19 ಅಡಿ 5 ಅಂಗುಲ. 1976ರಲ್ಲಿ ರಸ್ತೆಯೊಂದಕ್ಕೆ ಜಾಗ ಮಾಡಿಕೊಡಲು ಎರಡು ಲಾಕ್‌ಗಳನ್ನು ಒಂದಾಗಿಸಿದ್ದರಿಂದ ಅದು ಇಷ್ಟು ಆಳವಾಗಿದ್ದು, ಬ್ರಿಟನ್ನಿನ ಕಾಲುವೆಗಳಲ್ಲಿ ಇದಕ್ಕಿಂತ ಆಳದ ಲಾಕ್ ಇನ್ನೊಂದೇ ಇದೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಪಾಚಿಗಟ್ಟಿದ ಗೋಡೆಯ ಬುಡದಲ್ಲಿ ಕಪ್ಪು ನೀರು ಹಳೆಯ ಬಾವಿಯ ನೆನಪು ತರುತ್ತದೆ. ದೋಣಿ ದಾಟುವುದನ್ನು ಕಾದು ನೋಡಿ. ಇಪ್ಪತ್ತು ನಿಮಿಷ ಹೋದರೂ ಚಿಂತೆಯಿಲ್ಲ. ಬಾಗಿಲಿನ ಉದ್ದ ಮರದ ತೊಲೆಯನ್ನು ದೋಣಿಯವರು ಬೆನ್ನುಕೊಟ್ಟು ತಳ್ಳುತ್ತಾರೆ, ಪಕ್ಕದಲ್ಲಿ ನಿಂತವರೂ ಕೈ ಜೋಡಿಸಿದರೆ ಸಂತೋಷಪಡುತ್ತಾರೆ.

ಅನಂತರ ಬರುವ ಸಿಡ್ನಿ ಉದ್ಯಾನದಲ್ಲಿ ಎರಡು ಕಿರುಸುರಂಗಗಳೂ 1800ನೇ ಇಸವಿಯ ಎರಡು ಎರಕದ ಕಬ್ಬಿಣದ ಸೇತುವೆಗಳೂ ಇವೆ. ಒಂದು ಸುರಂಗದ ನೆತ್ತಿಯ ಮೇಲೆಯೇ ಹಿಂದಿನ ಕಾಲುವೆ ಕಂಪನಿಯ ಕಚೇರಿಯಾಗಿದ್ದ ಕ್ಲೀವ್‌ಲೆಂಡ್ ಹೌಸ್ ಕಟ್ಟಡವಿದೆ. ಸುರಂಗದ ಚಾವಣಿಯಲ್ಲಿರುವ ಕಿಂಡಿಯ ಮೂಲಕ ಮೇಲಿನ ಗುಮಾಸ್ತರು ಕೆಳಗಿನ ದೋಣಿಯವರಿಗೆ ಕಾಗದಪತ್ರಗಳನ್ನು ಇಳಿಬಿಡುತ್ತಿದ್ದರೆಂದು ಹೇಳುತ್ತಾರೆ. ಕಡತ ಮೇಜಿನಿಂದ ಮೇಜಿಗೆ ಹೋಗಲು ತಿಂಗಳು ಹಿಡಿಯುವುದನ್ನು ಸೇವಾವಧಿಯುದ್ದಕ್ಕೂ ಕಂಡಿರುವ ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತು.

ಮುಂದಿನ ಬಾತ್‌ಹ್ಯಾಂಪ್ಟನ್ ಹಳ್ಳಿಯ ಆಚೀಚಿನ ಭಾಗವನ್ನು ನಾನು ಹೊಗಳಲಾರೆ. ಕಣಿವೆಯಲ್ಲಿ ನದಿ, ರೈಲು, ಹೆದ್ದಾರಿ, ಕಾಲುವೆ ನಾಲ್ಕೂ ಒತ್ತೊತ್ತಾಗಿ ಸಾಗುವುದರಿಂದ ವಾಹನಗಳ ಮೊರೆತ ಕಿವಿಯನ್ನು ಬಿಡುವುದಿಲ್ಲ. ದಡಕ್ಕೆ ಕಟ್ಟಿದ ನ್ಯಾರೋಬೋಟ್‌ಗಳು ಇಲ್ಲಿಂದಲೇ ಸಾಲುಗಟ್ಟುತ್ತವೆ. ಉದ್ದನೆಯ, ಇಕ್ಕಟ್ಟಿನ ಈ ದೋಣಿಗಳಲ್ಲಿ ಜನ ವರ್ಷವಿಡೀ ವಾಸವಾಗಿರುತ್ತಾರೆ. ಖಾಯಂ ತಂಗುದಾಣವಿಲ್ಲದ ದೋಣಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ ಎಂಬ ಕಾನೂನಿರುವುದರಿಂದ ಮನೆ ಸಮೇತ ಮುಂದೆ ಸರಿಯುತ್ತಲೇ ಇರುತ್ತಾರೆ. ಮಾಡಿನ ಮೇಲೆ ಸೌದೆ, ಸೈಕಲ್ಲು, ಪುದೀನದ ಕುಂಡ, ಸೌರಫಲಕ. ಮೇ ತಿಂಗಳಿನಲ್ಲಿ ಇದೆಲ್ಲ ಚಂದವಾಗಿ ಕಂಡಿತು. ನವೆಂಬರಿನಲ್ಲಿ ಪ್ರತಿಯೊಂದು ದೋಣಿಯ ಒಲೆಯಿಂದ ಏಳುವ ಹೊಗೆ ಕಣಿವೆಯಲ್ಲಿ ತಂಗಿ, ಉಬ್ಬಸವಿರುವ ನನ್ನ ಪತ್ನಿ ಅರ್ಧಕ್ಕೇ ನಡಿಗೆ ನಿಲ್ಲಿಸಬೇಕಾಯಿತು. ಶ್ವಾಸದ ತೊಂದರೆಯಿರುವವರು ಚಳಿಗಾಲದಲ್ಲಿ ಇತ್ತ ಬರದಿರುವುದೇ ಒಳ್ಳೆಯದು.

ಕ್ಲಾವರ್ಟನ್‌ನಲ್ಲಿ ಕಾಲುವೆಯಿಂದ ಕೆಳಗಿಳಿದು ನದಿಯ ಬಳಿಗೆ ಹೋದರೆ ಕಾಣುವ ಪಂಪ್ ಮನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನನ್ನ ಮಟ್ಟಿಗೆ ಇಡೀ ದಾರಿಯ ಜೀವ ಅದು. ನಿಂತ ನೀರಿನ ಕಾಲುವೆಗೆ ಒಂದು ಶಾಪವಿದೆ. ಬಾತ್‌ನ ಕಡೆಗೆ ದೋಣಿ ಇಳಿದಾಗಲೆಲ್ಲ ಒಂದು ಲಾಕ್‌ನಷ್ಟು ನೀರು ಮೇಲಿನಿಂದ ನದಿಯ ಪಾಲಾಗುತ್ತದೆ, ಅದನ್ನು ಯಾರಾದರೂ ತುಂಬಿಕೊಡಲೇಬೇಕು. ರೆನ್ನಿ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ನದಿಯ ನೀರನ್ನು ಎತ್ತುವ ಕೆಲಸವನ್ನು ನದಿಗೇ ವಹಿಸುವುದು. 1813ರಲ್ಲಿ ಆರಂಭವಾದ ಈ ಯಂತ್ರದಲ್ಲಿ ಏವನ್ ನದಿಯ ಹರಿವು ಸುಮಾರು 24 ಅಡಿ ಅಗಲದ ನೀರಗಾಲಿಯನ್ನು ತಿರುಗಿಸುತ್ತದೆ, ಗಾಲಿ ಪಂಪನ್ನು ನಡೆಸುತ್ತದೆ, ಪಂಪು ಗಂಟೆಗೆ ಸುಮಾರು 1 ಲಕ್ಷ ಗ್ಯಾಲನ್ ನೀರನ್ನು 48 ಅಡಿ ಎತ್ತರದ ಕಾಲುವೆಗೆ ಏರಿಸುತ್ತದೆ. ಕಲ್ಲಿದ್ದಲಿನ ಖರ್ಚಿಲ್ಲ, ಎಣ್ಣೆಯ ಖರ್ಚಿಲ್ಲ. ಗಾಲಿಯ ಚಲನೆಯನ್ನು ಪಂಪಿಗೆ ಒಯ್ಯುವ ದೊಡ್ಡ ಚಕ್ರದ ಹಲ್ಲುಗಳು ಓಕ್ ಮರದವು, ಒಟ್ಟು 400ಕ್ಕೂ ಹೆಚ್ಚು. 1952ರಲ್ಲಿ ತೇಲಿಬಂದ ದಿಮ್ಮಿಯೊಂದು ಗಾಲಿಗೆ ಸಿಕ್ಕಿಕೊಂಡು ಹಲ್ಲುಗಳು ಮುರಿದುಬೀಳುವವರೆಗೆ ಅದು ದುಡಿಯಿತು. ಈಗ ನಿತ್ಯದ ಕೆಲಸ ವಿದ್ಯುತ್ ಪಂಪುಗಳದಾದರೂ ಸ್ವಯಂಸೇವಕರು ದುರಸ್ತಿ ಮಾಡಿಟ್ಟಿರುವ ಹಳೆಯ ಯಂತ್ರವನ್ನು ಗೊತ್ತಾದ ದಿನಗಳಲ್ಲಿ ನಡೆಸಿ ತೋರಿಸುತ್ತಾರೆ. ಆ ದಿನಗಳನ್ನು ಮೊದಲೇ ತಿಳಿದುಕೊಂಡು ಅದಕ್ಕೆ ತಕ್ಕಂತೆ ನಡಿಗೆಯ ದಿನವನ್ನು ಗೊತ್ತುಮಾಡಿಕೊಳ್ಳಿ. ಮರದ ಹಲ್ಲುಗಳು ಒಂದಕ್ಕೊಂದು ಕೂಡುವ ಆ ಮಂದ ಸದ್ದು ನಮ್ಮೂರ ಆಲೆಮನೆಯ ಹಳೆಯ ಗಾಣದ ಸದ್ದಿಗೆ ಬಲು ಹತ್ತಿರ.

ಬಾತ್‌ನಿಂದ ಸುಮಾರು 8 ಕಿಲೋಮೀಟರ್ ನಡೆದಾಗ ಡಂಡಾಸ್ ಮೇಲ್ಗಾಲುವೆ ಬರುತ್ತದೆ. ಇಲ್ಲಿ ಕಾಲುವೆ ಒಮ್ಮೆಲೇ ಎಡಕ್ಕೆ ಹೊರಳಿ, ನದಿಯನ್ನೂ ರೈಲು ಹಳಿಯನ್ನೂ ಮೂರು ಕಮಾನುಗಳ ಮೇಲೆ ದಾಟಿ ಆಚೆಯ ಗುಡ್ಡವನ್ನು ಸೇರುತ್ತದೆ. ಉದ್ದ 150 ಗಜ, ನಡುಗಮಾನಿನ ಅಗಲ 64 ಅಡಿ. ಕಾಲುವೆ ಕಂಪನಿಯ ಮೊದಲ ಅಧ್ಯಕ್ಷ ಚಾರ್ಲ್ಸ್ ಡಂಡಾಸ್‌ನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಕಟ್ಟುವಾಗ ರೆನ್ನಿ ಇಟ್ಟಿಗೆ ಬೇಕೆಂದ, ಕಂಪನಿಯವರು ಸ್ಥಳೀಯ ಬಾತ್ ಕಲ್ಲೇ ಆಗಬೇಕೆಂದರು. ಗೆದ್ದದ್ದು ಕಂಪನಿ, ಸೋತದ್ದು ಕಟ್ಟಡ. ಜೇನುಬಣ್ಣದ ಆ ಮೃದು ಕಲ್ಲು ಹಿಮಕ್ಕೂ ಮಳೆಗೂ ಉದುರತೊಡಗಿ, ಮುಂದೆ ರೈಲ್ವೆಯವರು ಗಾಢಬಣ್ಣದ ಇಟ್ಟಿಗೆಯ ತೇಪೆ ಹಾಕಿದರು. ಆ ತೇಪೆಗಳು ಇಂದಿಗೂ ಕಾಣುತ್ತವೆ. ಹೆಚ್ಚಿನವರು ಮೇಲೆ ನಿಂತು ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ದಯವಿಟ್ಟು ಮೆಟ್ಟಿಲಿಳಿದು ನದಿಯ ಪಕ್ಕದ ಹುಲ್ಲುಗಾವಲಿಗೆ ಹೋಗಿ ನೋಡಿ. ದೋಣಿಯೊಂದು ನಿಮ್ಮ ತಲೆಯ ಮೇಲೆ, ರೈಲಿನ ಮೇಲೆ, ನದಿಯ ಮೇಲೆ ತೇಲಿಹೋಗುವುದು ಅಲ್ಲಿಂದಲೇ ಅರಿವಿಗೆ ಬರುತ್ತದೆ.

ನಾವು ಬುತ್ತಿ ಬಿಚ್ಚಿದ್ದು ಅಲ್ಲಿಯೇ. ಬಾತ್‌ಗೆ ವಾಂಗಿಬಾತ್ ಕಟ್ಟಿಕೊಂಡು ಹೊರಟದ್ದಕ್ಕೆ ಮಗಳು ಬೆಳಿಗ್ಗೆ ನಕ್ಕಿದ್ದಳು, ಆದರೆ ಆ ಡಬ್ಬಿಯೇ ನಮ್ಮನ್ನು ಕಾಪಾಡಿತು. ದಾರಿಯಲ್ಲಿ ಪಬ್‌ಗಳೂ ಚಹಾದಂಗಡಿಗಳೂ ಇಲ್ಲವೆಂದಲ್ಲ. ಆದರೆ ಸಸ್ಯಾಹಾರಿಗಳ ಪಾಲಿಗೆ ಆಲೂಗೆಡ್ಡೆ, ಚೀಸ್ ಹಾಗೂ ಬ್ರೆಡ್ಡಿನಾಚೆಗೆ ಆಯ್ಕೆ ಕಡಿಮೆ, ನಾವು ಹೊಕ್ಕ ಒಂದು ಕಡೆಯಂತೂ ಕುಳಿತು ನಲವತ್ತು ನಿಮಿಷವಾದರೂ ಚಹಾ ಬರಲಿಲ್ಲ. ಸಾರ್ವಜನಿಕ ಶೌಚಾಲಯಗಳು ತೀರ ವಿರಳ. ಈ ದಾರಿಯ ದೊಡ್ಡ ಕೊರತೆ ಇದೇ. ಪಬ್‌ನಲ್ಲಿ ಏನನ್ನಾದರೂ ಕೊಂಡು ಅಲ್ಲಿನ ಸೌಲಭ್ಯ ಬಳಸಬೇಕು. ವಯಸ್ಸಾದವರೂ ಮಧುಮೇಹಿಗಳೂ ಇದನ್ನು ಮುಂಚಿತವಾಗಿ ಯೋಚಿಸಿಯೇ ಹೊರಡಬೇಕು.

ಎರಡನೆಯ ಕೊರತೆ ಸೈಕಲ್ಲುಗಳು. ಟೋಪಾತ್ ರಾಷ್ಟ್ರೀಯ ಸೈಕಲ್ ಮಾರ್ಗ 4ರ ಭಾಗವೂ ಆಗಿರುವುದರಿಂದ ಹಿಂದಿನಿಂದ ಗಂಟೆಯ ಸದ್ದು ಕೇಳಿಬರುತ್ತಲೇ ಇರುತ್ತದೆ. ಬಹುತೇಕರು ನಿಧಾನಿಸಿ ಧನ್ಯವಾದ ಹೇಳಿ ಹೋಗುತ್ತಾರೆ. ಕೆಲವರು ನೀರಿನ ಅಂಚಿಗೆ ನಮ್ಮನ್ನು ಸರಿಸಿಯೇ ಹೋಗುತ್ತಾರೆ. ಭಾನುವಾರ ಬಿಟ್ಟು ವಾರದ ನಡುವೆ ನಡೆಯುವುದು ಇದಕ್ಕಿರುವ ಪರಿಹಾರ. ಈ ಎರಡು ಕೊರತೆಗಳಿಗಾಗಿ ಐದರಲ್ಲಿ ಒಂದು ಅಂಕ ಕಳೆದು ನಾಲ್ಕು ಕೊಡುತ್ತೇನೆ.

ಡಂಡಾಸ್‌ನಿಂದ ಮುಂದಿನ ಭಾಗವೇ ಇಡೀ ದಾರಿಯಲ್ಲಿ ಅತ್ಯುತ್ತಮ. ಹೆದ್ದಾರಿ ಆಚೆಯ ದಂಡೆಯಲ್ಲಿ ಉಳಿದು, ಕಾಲುವೆ ಲಿಂಪ್ಲಿ ಸ್ಟೋಕ್ ಕಣಿವೆಯ ಕಾಡಿನ ನೆರಳಿಗೆ ಬರುತ್ತದೆ. ಮೇ ತಿಂಗಳಿನಲ್ಲಿ ಮರಗಳ ಬುಡದ ತುಂಬ ಕಾಡುಬೆಳ್ಳುಳ್ಳಿಯ ಬಿಳಿ ಹೂವು. ಕಾಡೆಲ್ಲ ಒಗ್ಗರಣೆಯ ವಾಸನೆ. ಈ ಪ್ರಶಾಂತ ತುಣುಕು ಎಂಜಿನಿಯರುಗಳಿಗೆ ಕೊಟ್ಟಷ್ಟು ಕಾಟವನ್ನು ಬೇರೆ ಯಾವುದೂ ಕೊಡಲಿಲ್ಲ ಎಂಬುದು ನೋಡಿದರೆ ಗೊತ್ತಾಗುವುದಿಲ್ಲ. ಜಾರುವ ಮಣ್ಣಿನ ಗುಡ್ಡವಾದ್ದರಿಂದ ಏರಿ ಒಡೆದು, ತಳ ಸೋರಿ, ನೀರು ನಿಲ್ಲದೆ ಇದು ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ಕೊನೆಗೆ ತಳಕ್ಕೆ ಕಾಂಕ್ರೀಟ್ ಹಾಸಿ ನೀರನ್ನು ನಿಲ್ಲಿಸಿದರು. ನಾಲೆಯ ಏರಿ ಒಡೆದರೆ ಊರೆಲ್ಲ ಮರಳಿನ ಚೀಲ ಹೊತ್ತು ಓಡುವುದನ್ನು ಬಾಲ್ಯದಲ್ಲಿ ಕಂಡವನಿಗೆ ಆ ಕಾಂಕ್ರೀಟಿನ ಅಂಚು ಕಾಡಿನ ಹೂವಿಗಿಂತ ಹೆಚ್ಚು ಹೊತ್ತು ನೋಡುವಂತಹ ವಸ್ತು.

ಏವನ್‌ಕ್ಲಿಫ್‌ನಲ್ಲಿ ಎರಡನೆಯ ಮೇಲ್ಗಾಲುವೆ ಕಾಲುವೆಯನ್ನು ಮತ್ತೆ ನದಿಯ ಈಚೆಗೆ ತರುತ್ತದೆ. ಡಂಡಾಸ್‌ನ ಗಾಂಭೀರ್ಯ ಇದಕ್ಕಿಲ್ಲ. ಕಟ್ಟಿದ ಸ್ವಲ್ಪ ಕಾಲದಲ್ಲೇ ಇದರ ನಡುಗಮಾನು ಕೊಂಚ ಕೆಳಕ್ಕೆ ಬಾಗಿತು. ಆ ತಗ್ಗು ಬರಿಗಣ್ಣಿಗೆ ಕಾಣುತ್ತದೆ, ಆದರೂ 200 ವರ್ಷ ನೀರು ಹೊತ್ತು ನಿಂತಿದೆ. ಇಲ್ಲಿ ಟೋಪಾತ್ ಕಾಲುವೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಗುತ್ತದೆ. ಅದಕ್ಕಾಗಿ ಪಬ್‌ನ ಕಡೆಗೆ ಕೆಳಗಿಳಿದು, ಕಮಾನಿನ ಅಡಿಯಲ್ಲಿ ಹಾದು, ಆಚೆ ಹತ್ತಬೇಕು. ಫಲಕವನ್ನು ಗಮನಿಸದೆ ನೇರ ಹೋದ ನಾವು ಹಿಂದಿರುಗಿ ಬಂದೆವು. ಮೇಲ್ಗಾಲುವೆಯ ಪಕ್ಕದಲ್ಲೇ ಪುಟ್ಟ ರೈಲು ನಿಲ್ದಾಣವಿದೆ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಪೂರ್ತಿ ನಡೆಯಲಾಗದವರು ಬ್ರಾಡ್‌ಫರ್ಡ್‌ನಿಂದ ಇಲ್ಲಿಯವರೆಗಿನ ಎರಡೂವರೆ ಕಿಲೋಮೀಟರನ್ನಷ್ಟೇ ನಡೆದು ರೈಲು ಹಿಡಿದರೂ ಈ ಕಾಲುವೆಯ ಪರಿಚಯ ಚೆನ್ನಾಗಿಯೇ ಆಗುತ್ತದೆ. ಮೊಮ್ಮಕ್ಕಳ ಗಾಡಿಯನ್ನೂ ತಳ್ಳಿಕೊಂಡು ಹೋಗಬಹುದು, ಕಮಾನಿನ ಬಳಿಯ ಇಳಿಜಾರೊಂದನ್ನು ಬಿಟ್ಟರೆ.

ಬ್ರಾಡ್‌ಫರ್ಡ್ ತಲುಪುವ ಮೊದಲು, ಕಾಲುವೆಯ ಕೆಳಗಿನ ಬಯಲಿನಲ್ಲಿ 14ನೇ ಶತಮಾನದ ಕಣಜವಿದೆ. ಶಾಫ್ಟ್ಸ್‌ಬರಿಯ ಸಂನ್ಯಾಸಿನಿಯರ ಮಠಕ್ಕೆ ಸೇರಿದ್ದ, ಫಸಲು ತುಂಬಿಡುತ್ತಿದ್ದ ಈ ಕಲ್ಲಿನ ಕಟ್ಟಡ 51 ಮೀಟರ್ ಉದ್ದವಿದೆ. ಮಾಡಿಗೂ ಕಲ್ಲಿನ ಹಲಗೆಗಳೇ, ಅದನ್ನು ಹೊತ್ತಿರುವುದು ಮರದ ತೊಲೆಗಳು. ಒಳಗೆ ಏನೂ ಇಲ್ಲ, ಪ್ರವೇಶಕ್ಕೆ ಹಣವೂ ಇಲ್ಲ. ದಣಿದ ಕಾಲಿಗೆ ತಂಪಾದ ನೆಲ, ಕತ್ತೆತ್ತಿದರೆ ತೊಲೆಗಳ ಸಾಲು. ಸಂಜೆ ಬಾಗಿಲು ಮುಚ್ಚುವ ಮುನ್ನ ಇಲ್ಲಿ ಸೇರಬೇಕಾದರೆ ಬಾತ್‌ನಿಂದ ಒಂಬತ್ತೂವರೆಗೆಲ್ಲ ಹೊರಟಿರಬೇಕು. ನಮಗೆ ಬುತ್ತಿ, ಪಂಪ್ ಮನೆ, ದಾರಿ ತಪ್ಪಿದ್ದು ಎಲ್ಲ ಸೇರಿ ಆರೂವರೆ ಗಂಟೆ ಹಿಡಿಯಿತು.

ಮರಳುವ ರೈಲು ಬಾತ್‌ಗೆ ಕಾಲು ಗಂಟೆಯ ಹಾದಿ. ಕಿಟಕಿಯ ಪಕ್ಕ ಕುಳಿತುಕೊಳ್ಳಿ, ಏಕೆಂದರೆ ರೈಲು ಏವನ್‌ಕ್ಲಿಫ್ ಮತ್ತು ಡಂಡಾಸ್ ಎರಡು ಮೇಲ್ಗಾಲುವೆಗಳ ಅಡಿಯಲ್ಲೂ ಹಾದುಹೋಗುತ್ತದೆ. ಡಂಡಾಸ್‌ನ ಕಮಾನು ತಲೆಯ ಮೇಲೆ ಬಂದು ಹೋಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಖಾಲಿ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದ ನನ್ನ ಪತ್ನಿಗೆ ಅದು ತಪ್ಪಿಹೋಯಿತು.