ಮೆಡಿಕ್‌ನ ಕಾಲು ನೆಲಕ್ಕೆ ತಾಗಬೇಕಿತ್ತು: ಸೋರ್ಸ್ ಫಿಲ್ಮ್‌ಮೇಕರ್, ಈವೀ, ಸೈಕಲ್ಸ್

ಆಟದ ಪಾತ್ರವನ್ನಿಟ್ಟು ಕಂಪ್ಯೂಟರಿನಲ್ಲಿ 3ಡಿ ಚಿತ್ರ ಮಾಡುವಾಗ ಬೆಳಕು, ನೆರಳು ಯಾವುದರಲ್ಲಿ ಚೆನ್ನಾಗಿ ಬರುತ್ತದೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಲೆಂಡರ್ ಎಂಬ ಉಚಿತ 3ಡಿ ತಂತ್ರಾಂಶದೊಳಗಿನ ಸೈಕಲ್ಸ್‌ಗೆ, ಅಂದರೆ ಬೆಳಕಿನ ಕಿರಣಗಳ ಹಾದಿ ಲೆಕ್ಕ ಹಾಕಿ ಚಿತ್ರ ಮೂಡಿಸುವ ಎಂಜಿನ್‌ಗೆ. ಅದಕ್ಕಾಗಿಯೇ ಹುಬ್ಬಳ್ಳಿಯಿಂದ 6 ಜಿಬಿಯ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 2060 ಗ್ರಾಫಿಕ್ಸ್ ಕಾರ್ಡ್ ತಂದೆ. ಆ ದುಡ್ಡು ದಂಡವಾಗಲಿಲ್ಲ.

ಚಿತ್ರ ಹೀಗಿತ್ತು. ಟೀಮ್ ಫೋರ್ಟ್ರೆಸ್ 2 ಆಟದ ಮೆಡಿಕ್ ಉದ್ದನೆಯ ಬಿಳಿ ಕೋಟು ತೊಟ್ಟು ನಮ್ಮ ಶಿರಸಿ ಕಡೆಯ ಮನೆಯ ಅಂಗಳದಲ್ಲಿ ನಿಂತಿದ್ದಾನೆ. ಆಷಾಢದ ರಾತ್ರಿ, ಕೈಯಲ್ಲಿ ಲಾಟೀನು, ಬೆನ್ನ ಹಿಂದೆ ಕೆಂಪು ಚಿರೆಕಲ್ಲಿನ ಗೋಡೆ. ಪೋಸ್ ಕೂರಿಸಲು ಎರಡು ಸಂಜೆ ಸಾಕಾಯಿತು. ಬೆಳಕಿಗೆ ಮೂರು ವಾರ ಹೋಯಿತು.

ಶುರು ಮಾಡಿದ್ದು ಸೋರ್ಸ್ ಫಿಲ್ಮ್‌ಮೇಕರ್‌ನಲ್ಲಿ, ಅಂದರೆ ಆ ಆಟ ಮಾಡಿದ ವಾಲ್ವ್ ಕಂಪನಿ 2012ರಲ್ಲಿ ಉಚಿತವಾಗಿ ಬಿಟ್ಟ, ಆಟದ ಪಾತ್ರಗಳಿಂದ ಚಿತ್ರ, ವಿಡಿಯೊ ಮಾಡುವ ತಂತ್ರಾಂಶದಲ್ಲಿ. ಆಟದ ಪಾತ್ರಗಳೆಲ್ಲ ಅಲ್ಲೇ ಸಿದ್ಧ ಇರುತ್ತವೆ. ಮುಖಭಾವ ತಿದ್ದಲು ಅದರಷ್ಟು ಸುಲಭದ್ದು ನನಗೆ ಬೇರೆ ಸಿಕ್ಕಿಲ್ಲ. ಚಿತ್ರ ಚೆನ್ನಾಗಿಯೇ ಬಂದಿದೆ ಅಂದುಕೊಂಡು ಆಯಿಗೆ ತೋರಿಸಿದೆ. "ತಮಾ, ಇವ್ನ ಕಾಲು ನೆಲಕ್ಕೆ ತಾಗಿದ್ದೇ ಇಲ್ಲೆ" ಅಂದಳು.

ಹೌದು. ಬೂಟಿಗೂ ನೆರಳಿಗೂ ನಡುವೆ ಒಂದು ಬೆಳಕಿನ ಗೆರೆ ಉಳಿದಿತ್ತು. ಮನುಷ್ಯ ತೇಲುತ್ತಿದ್ದ. ನೆರಳು ವಸ್ತುವಿನಿಂದ ಎಷ್ಟು ಸರಿದು ಶುರುವಾಗಬೇಕು ಅಂತ ಹೇಳುವ ಷ್ಯಾಡೋ ಡೆಪ್ತ್ ಬಯಾಸ್ ಕಡಿಮೆ ಮಾಡಿದರೆ ನೆರಳು ಬೂಟಿಗೆ ಅಂಟುತ್ತದೆ, ಆದರೆ ಕೋಟಿನ ತುಂಬ ಕಪ್ಪು ಪಟ್ಟೆ ಏಳುತ್ತವೆ. ಜಾಸ್ತಿ ಮಾಡಿದರೆ ಪಟ್ಟೆ ಹೋಗಿ ಕಾಲು ಮತ್ತೆ ಮೇಲೇಳುತ್ತದೆ. ನಾಲ್ಕು ರಾತ್ರಿ ಇದೇ ಆಯಿತು.

ಕಾರಣ ಆಮೇಲೆ ಹೊಳೆಯಿತು. ಅಲ್ಲಿನ ದೀಪಗಳೆಲ್ಲ ಟಾರ್ಚ್ ಥರ, ಒಂದೇ ದಿಕ್ಕಿಗೆ ಬೆಳಕು ಬಿಡುತ್ತವೆ. ಲಾಟೀನು ಹಾಗಲ್ಲ ಅಲ್ವಾ? ಸುತ್ತಲೂ ಬೆಳಕು ಕಾಣಲಿ ಅಂತ ನಾನು ಟಾರ್ಚಿನ ಕೋನವನ್ನು ತೀರಾ ಅಗಲ ಮಾಡಿದ್ದೆ. ನೆರಳು ಎಲ್ಲಿ ಬೀಳಬೇಕು ಅಂತ ಪ್ರತಿ ದೀಪಕ್ಕೂ ಚುಕ್ಕಿಗಳ ಒಂದು ನಕ್ಷೆ ಇರುತ್ತದೆ, ಅದರಲ್ಲಿ ಇರುವ ಚುಕ್ಕಿಗಳು ಅಷ್ಟೇ. ಅವನ್ನು ಇಡೀ ಅಂಗಳಕ್ಕೆ ಹರಡಿದರೆ ಬೂಟಿನ ಪಾಲಿಗೆ ಎಷ್ಟು ಬಂದೀತು? ತಂತ್ರಾಂಶ ತೆರೆಯುವಾಗ ಕೊಡುವ ಲಾಂಚ್ ಆಪ್ಷನ್‌ನಲ್ಲಿ ನಕ್ಷೆಯ ಅಳತೆಯನ್ನು 4096 ಚುಕ್ಕಿಗಳಿಗೆ ಏರಿಸಿದೆ. ಕಾಲಿಗೆಂದೇ ಕಿರಿದಾದ ಕೋನದ ಬೇರೆ ದೀಪ ಇಟ್ಟೆ. ಆಗ ಕಾಲು ನೆಲಕ್ಕೆ ಇಳಿಯಿತು. ಆದರೆ ನೆರಳು ಬೀಳಿಸುವ ದೀಪಗಳಿಗೆ ಅಲ್ಲಿ 8ರ ಮಿತಿ ಇದೆ. ಮುಖಕ್ಕೊಂದು, ಗೋಡೆಗೊಂದು, ಹೆಗಲಿನ ಅಂಚಿಗೊಂದು ಅಂತ ಹಂಚುವಷ್ಟರಲ್ಲಿ ಎಂಟೂ ಮುಗಿದವು. ಗೋಡೆಯ ಕೆಂಪು ಬಣ್ಣ ಮೆಡಿಕ್‌ನ ಕೋಟಿನ ಮೇಲೆ ಕಾಣಬೇಕಾದರೆ ನೆರಳಿಲ್ಲದ ಮಂದ ಕೆಂಪು ದೀಪವೊಂದನ್ನು ಹಿಂದೆ ಅಡಗಿಸಿಡಬೇಕು. ಅದು ಎಷ್ಟು ತಿದ್ದಿದರೂ ಬಣ್ಣ ಬಳಿದ ಹಾಗೇ ಕಾಣುತ್ತಿತ್ತು.

ಆಮೇಲೆ ಬ್ಲೆಂಡರ್‌ಗೆ ಬಂದೆ. 2019ರಲ್ಲಿ ಬ್ಲೆಂಡರ್ 2.80ರ ಜೊತೆ ಬಂದ, ಅದರ ಇನ್ನೊಂದು ಎಂಜಿನ್ ಈವೀ ವೇಗದಲ್ಲಿ ಬಹಳ ಚೆಂದ. ದೀಪ ಸರಿಸಿದ ಕ್ಷಣವೇ ಫಲ ಕಾಣುತ್ತದೆ. ಗೋಡೆಯಿಂದ ತಿರುಗಿ ಬರುವ ಬೆಳಕು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಈಗ ದೀಪದ ಜಾಗ ಹುಡುಕಲು ಬಳಸುತ್ತೇನೆ, ಅಷ್ಟೇ.

ಸೈಕಲ್ಸ್‌ನಲ್ಲಿ ಸುತ್ತಲೂ ಬೆಳಕು ಬಿಡುವ ಒಂದೇ ಪಾಯಿಂಟ್ ಲೈಟ್ ಇಟ್ಟೆ. ಬೆಳಕಿನ ಬಣ್ಣವನ್ನು ಬಿಸಿಯ ಲೆಕ್ಕದಲ್ಲಿ ಕೊಡುವ ಬ್ಲ್ಯಾಕ್‌ಬಾಡಿ ನೋಡ್‌ನಲ್ಲಿ 1900 ಕೆಲ್ವಿನ್, ದೀಪದ ರೇಡಿಯಸ್ 2 ಸೆಂಟಿಮೀಟರ್. ಬೂಟಿನ ಬುಡದಲ್ಲಿ ನೆರಳು ಗಟ್ಟಿಯಾಗಿ ಹುಟ್ಟಿ, ದೂರ ಹೋದಂತೆ ಮೆತ್ತಗಾಯಿತು. ಚಿರೆಕಲ್ಲಿನ ಕೆಂಪು ಕೋಟಿನ ಹಿಂಬದಿಗೆ ತಾನಾಗಿಯೇ ಹತ್ತಿತು. ಅದನ್ನು ನೋಡಿ ಸುಮ್ನೆ ಕೂತುಬಿಟ್ಟೆ.

ತೊಡಕು ಇಲ್ಲವೆಂದಲ್ಲ. ಲಾಟೀನಿನ ಗಾಜೇ ಬೆಳಕಿಗೆ ಅಡ್ಡ ಬಂದು ಅಂಗಳ ಕತ್ತಲಾಯಿತು. ಗಾಜಿನ ರೇ ವಿಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಷ್ಯಾಡೋ ಗುರುತು ತೆಗೆದು, ಗಾಜು ನೆರಳು ಬೀಳಿಸದಂತೆ ಮಾಡಿದ ಮೇಲೆ ಸರಿಹೋಯಿತು. ಪ್ರತಿ ಚುಕ್ಕಿಗೆ 128 ಸ್ಯಾಂಪಲ್, ಅಂದರೆ ಅಷ್ಟು ಸಲ ಬೆಳಕಿನ ಲೆಕ್ಕ, ಇಟ್ಟು ಉಳಿದ ಕಾಳುಕಾಳನ್ನು ತೆಗೆಯಲು ಡಿನಾಯ್ಸ್ ಹಾಕಿದರೆ ಮಳೆಯ ಗೆರೆಗಳೂ ಒರೆಸಿಹೋಗುತ್ತಿದ್ದವು, 1024ಕ್ಕೆ ಏರಿಸಿದೆ. ಪಾತ್ರವನ್ನು ಬ್ಲೆಂಡರ್‌ಗೆ ತಂದು ಮತ್ತೆ ಪೋಸ್ ಕೊಡುವುದು ಬೇಸರದ ಕೆಲಸ.

ಕಾರ್ಡ್ ಇಲ್ಲದಾಗ ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಬೇಕಿತ್ತು. ಮಳೆಗಾಲದಲ್ಲಿ ನಮ್ಮೂರಲ್ಲಿ ಎರಡು ಗಂಟೆ ಕರೆಂಟು ನಂಬಿ ಕೂರಲು ಆಗುವುದಿಲ್ಲ. ಈಗ 11 ನಿಮಿಷ. ನಾನು ತಿಂಗಳಿಗೆ ಒಂದೇ ಚಿತ್ರ ಮಾಡುವವನು, ನನಗೆ ಇದು ಸಾಕು. ವಿಡಿಯೊ ಮಾಡುವವರಾದರೆ ಈವೀ ನೋಡಿ. ಕಾರ್ಡಿಗೆ ದುಡ್ಡಿಲ್ಲದಿದ್ದರೆ ಸೋರ್ಸ್ ಫಿಲ್ಮ್‌ಮೇಕರ್‌ನಲ್ಲೇ ಇರಿ, ಕಾಲಿಗೊಂದು ಕಿರಿದಾದ ದೀಪವನ್ನು ಮೊದಲೇ ಎತ್ತಿಡಿ.