ಮರಳಿನ ಬಕೆಟ್ಟೋ, ಪಾಚಿ ತೊಟ್ಟಿಯೋ?

ತುಮಕೂರಿನಲ್ಲಿ ಹವಳದ ಟ್ಯಾಂಕ್ ಇಟ್ಟಿದ್ದೀರಾ? ಮೀನಿನ ಕಸ, ಉಳಿದ ಆಹಾರದಿಂದ ನೀರಿನಲ್ಲಿ ಸೇರುವ ನೈಟ್ರೇಟ್ ಇಳಿಸಲು ನಾನು ನೋಡುವುದು ಎರಡು ದಾರಿ. ಟ್ಯಾಂಕಿನ ಹೊರಗೆ ಒಂದು ಬಕೆಟ್ಟಿನಲ್ಲಿ 15 ಸೆಂ.ಮೀ.ಗಿಂತ ಜಾಸ್ತಿ ನುಣ್ಣನೆಯ ಮರಳು ತುಂಬಿ ಅದರ ಮೇಲೆ ಜೋರಾಗಿ ನೀರು ಹರಿಸಿದರೆ, ಆಕ್ಸಿಜನ್ ಇಲ್ಲದ ಆಳದಲ್ಲಿ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಬಿಡುತ್ತವೆ. ಲೈಟ್ ಬೇಡ. ಕೆಟ್ಟರೆ ಪೈಪ್ ಬಿಚ್ಚಿ ಪಕ್ಕಕ್ಕಿಡಬಹುದು, ಟ್ಯಾಂಕಿನೊಳಗೇ ಮರಳು ಹಾಕಿದ್ದರೆ ಅದು ಆಗಲ್ಲ ಅಲ್ವಾ? ಆದರೆ ವಾರಗಟ್ಟಲೆ ಕಾಯಬೇಕು, ಅದೇ ಕಸದಿಂದ ಬರುವ ಫಾಸ್ಫೇಟ್ ಹಾಗೇ ಉಳಿಯುತ್ತದೆ. ಇನ್ನೊಂದು ದಾರಿ ಪಾಚಿ ತೊಟ್ಟಿ: ಬೇರೆ ತೊಟ್ಟಿಯಲ್ಲಿ ಬೆಳೆಸುವ ಚೀಟೋ ಎಂಬ ದಾರದಂಥ ಹಸಿರು ಪಾಚಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರುತ್ತದೆ. ಲೈಟ್ ಬೇಕು, ಆಗಾಗ ಕಿತ್ತು ತೆಗೆಯಬೇಕು.

ನಮ್ಮಲ್ಲಿ ಮುಖ್ಯ ಕರೆಂಟ್. ಗಂಟೆಗಟ್ಟಲೆ ಹೋದರೆ ಬಕೆಟ್ಟಿನಲ್ಲಿ ನೀರು ನಿಂತು ಆಕ್ಸಿಜನ್ ಮುಗಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನು ಟ್ಯಾಂಕಿಗೆ ಬಿಡಲೇಬೇಡಿ. ಪಂಪಿಗೆ ಯುಪಿಎಸ್ ಇದ್ದರೆ ಬಕೆಟ್ ಮಾಡಿ, ಇಲ್ಲದಿದ್ದರೆ ಪಾಚಿಯೇ ಇರಲಿ.