ಚಿಂತೆ ಬರೆಯುವ ಡೈರಿಗಳು: ಕೊನೆಯ ಕಾಲಂ ಇದೆಯೇ ಎಂದು ನೋಡಿ ಕೊಳ್ಳಿ

ಕೆಲಸ ಉಳಿಯುತ್ತದೋ ಇಲ್ಲವೋ, ತಪಾಸಣೆಯ ವರದಿಯಲ್ಲಿ ಏನು ಬರುತ್ತದೋ, ಹೊಸ ಜಾಗಕ್ಕೆ ಹೊಂದಿಕೊಳ್ಳಲು ಆಗುತ್ತದೋ ಎಂದು ಮನಸ್ಸು ಕೊರೆಯುವ ದಿನಗಳಿಗೆಂದೇ ಅಚ್ಚಾದ ಡೈರಿಗಳು ಈಗ ಬಗೆಬಗೆಯಲ್ಲಿ ಸಿಗುತ್ತವೆ. ರಟ್ಟು ಚೆಂದ, ಕಾಗದ ದಪ್ಪ, ಪುಟದ ತಲೆಯಲ್ಲೊಂದು ಸುಭಾಷಿತ. ಇವನ್ನೆಲ್ಲ ಆಮೇಲೆ ನೋಡಿದರಾಯಿತು. ಮೊದಲು ಒಳಪುಟ ತೆರೆದು, ಬರೆದ ಚಿಂತೆ ಕೊನೆಗೆ ಏನಾಯಿತು ಎಂದು ದಾಖಲಿಸಲು ಜಾಗ ಬಿಟ್ಟಿದ್ದಾರೆಯೇ ನೋಡಿ. ಇಲ್ಲದಿದ್ದರೆ ಆ ಡೈರಿ ಕೆಳಗಿಡಿ.

ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಅತಿಚಿಂತೆಯ ಕಾಯಿಲೆಯಿರುವ 29 ಮಂದಿ ತಮ್ಮ ಚಿಂತೆಗಳನ್ನು ಬರೆದಿಟ್ಟು, 30 ದಿನಗಳ ಅವಧಿಯಲ್ಲಿ ಫಲಿತಾಂಶದ ಜೊತೆ ತಾಳೆ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶೇ. 91.4ರಷ್ಟು ಚಿಂತೆಗಳು ನಿಜವಾಗಲಿಲ್ಲ. ತಮ್ಮ ಚಿಂತೆಗಳು ಹುಸಿಯಾದದ್ದನ್ನು ಹೆಚ್ಚು ಕಂಡವರಲ್ಲಿ ಸುಧಾರಣೆಯೂ ಹೆಚ್ಚಿತ್ತು. ಹುಸಿಯಾದ ಚಿಂತೆಯನ್ನು ಮನಸ್ಸು ಲೆಕ್ಕಕ್ಕಿಡುವುದಿಲ್ಲ, ಸುಮ್ಮನೆ ಮುಂದಿನದಕ್ಕೆ ಹಾರುತ್ತದೆ. ಲೆಕ್ಕ ಇಡುವ ಕೆಲಸವನ್ನು ಕಾಗದವೇ ಮಾಡಬೇಕು.

ಒಳ್ಳೆಯ ಪುಟದಲ್ಲಿ ಆರು ಕಾಲಂ ಸಾಕು: ದಿನಾಂಕ, ಆಗಬಹುದೆಂದು ಹೆದರುವ ಸಂಗತಿ, ಅದು ಆಗುತ್ತದೆಂಬ ನಂಬಿಕೆ ನೂರಕ್ಕೆ ಎಷ್ಟು, ಯಾವ ದಿನ ಗೊತ್ತಾಗುತ್ತದೆ, ಈಗ ಮಾಡಬಹುದಾದ ಒಂದು ಕೆಲಸ, ಕೊನೆಯದಾಗಿ ನಿಜವಾಗಿ ಏನಾಯಿತು ಮತ್ತು ಅದನ್ನು ಹೇಗೆ ನಿಭಾಯಿಸಿದಿರಿ. ಎರಡನೆಯ ಕಾಲಂನಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಮುಂದೆ ಏನೋ ಕೆಟ್ಟದಾಗುತ್ತದೆ’ ಎಂದು ಬರೆದರೆ ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. ‘ಹೊಸ ಮೇಲಧಿಕಾರಿ ಈ ತಿಂಗಳೊಳಗೆ ನನ್ನನ್ನು ಬೇರೆ ವಿಭಾಗಕ್ಕೆ ಹಾಕುತ್ತಾರೆ’ ಎಂದರೆ ತಿಂಗಳ ಕೊನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುತ್ತದೆ. ಐದನೆಯದಕ್ಕೆ ಮಾಡುವಂಥದ್ದು ಏನೂ ಇಲ್ಲದಿದ್ದರೆ ಗೆರೆ ಎಳೆದು ಬಿಡಿ; ತುಂಬಲೇಬೇಕೆಂದು ಹತ್ತು ಜನರನ್ನು ವಿಚಾರಿಸುತ್ತಾ ಹೋದರೆ ಚಿಂತೆ ಇನ್ನಷ್ಟು ಬೆಳೆಯುತ್ತದೆ.

ಬರೆಯುವ ಹೊತ್ತನ್ನೂ ಡೈರಿ ಹೇಳಿಕೊಡಬೇಕು. ದಿನವೂ ಒಂದೇ ಸಮಯ, ಒಂದೇ ಜಾಗ, ಅರ್ಧ ಗಂಟೆ. ಉಳಿದ ವೇಳೆ ತಲೆಗೆ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡುವುದು. 1983ರಲ್ಲಿ ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನ ಈಗಲೂ ಬಳಕೆಯಲ್ಲಿದೆ. ಮಲಗುವ ಹಾಸಿಗೆಯ ಮೇಲೆ ಮಾತ್ರ ಬೇಡ, ಹಾಸಿಗೆಗೂ ಚಿಂತೆಗೂ ನಂಟು ಬೆಳೆದುಬಿಡುತ್ತದೆ. ಮಲಗುವ ಮುನ್ನ ಬರೆಯಲೇಬೇಕೆನಿಸಿದರೆ ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ ಸಾಕು, ಐದು ನಿಮಿಷ.

ಅನೇಕ ಡೈರಿಗಳು ಒಂದೇ ಪುಟದಲ್ಲಿ ‘ಮನಸ್ಸು ಬಿಚ್ಚಿ ಬರೆಯಿರಿ’ ಎಂಬ ಭಾಗವನ್ನೂ ತುರುಕುತ್ತವೆ. ಇದು ಸರಿಯಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ರೂಪಿಸಿದ ಬಿಚ್ಚುಬರಹ ಆಗಿಹೋದ ಸಂಗತಿಗೆ ಹೊಂದುತ್ತದೆ: ಅಗಲಿಕೆ, ಕೈತಪ್ಪಿದ ಕೆಲಸ, ಬಿಟ್ಟುಬಂದ ಮನೆ. 15ರಿಂದ 20 ನಿಮಿಷದಂತೆ ಮೂರು ನಾಲ್ಕು ದಿನ ಬರೆದು ನಿಲ್ಲಿಸುವ ಪದ್ಧತಿ ಅದು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ; ಡೈರಿ ಇದನ್ನು ಮೊದಲೇ ತಿಳಿಸದಿದ್ದರೆ ಬರೆದವರು ತಮಗೇನೋ ಕೆಡುಕಾಯಿತೆಂದು ಹೆದರುತ್ತಾರೆ. ಇನ್ನೂ ಆಗದಿರುವುದರ ಬಗ್ಗೆ ತಿಂಗಳುಗಟ್ಟಲೆ ಹೀಗೆ ಬರೆಯುತ್ತಾ ಹೋದರೆ ‘ಹಾಗಾದರೆ ಏನು ಗತಿ’ ಎಂಬ ಸರಪಳಿಗೆ ಕೊಂಡಿಗಳು ಕೂಡುತ್ತಲೇ ಹೋಗುತ್ತವೆ.

ದಿನಾಂಕ ಅಚ್ಚಾದ ಪುಟಗಳು ಬೇಡವೇ ಬೇಡ. ನಾಲ್ಕು ದಿನ ತಪ್ಪಿದರೆ ಖಾಲಿ ಹಾಳೆಗಳೇ ಇನ್ನೊಂದು ಕೊರಗಾಗುತ್ತವೆ. ಗಂಟೆಗೊಮ್ಮೆ ‘ಈಗ ಹೇಗನಿಸುತ್ತಿದೆ’ ಎಂದು ಕೇಳುವ ಆ್ಯಪ್‌ಗಳಿಗಿಂತ ಕಾಗದವೇ ಮೇಲು. ಅಂಥ ಆ್ಯಪ್ ಇಟ್ಟುಕೊಂಡಿದ್ದರೆ ಸೂಚನೆಗಳು ಬಾರದಂತೆ ಮಾಡಿಡಿ. ಎರಡು ವಾರಕ್ಕೂ ಮೀರಿ ನಿದ್ದೆ ಅಥವಾ ಊಟ ಕೆಟ್ಟಿದ್ದರೆ ಡೈರಿ ಕೊಳ್ಳುವ ಬದಲು ವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸುತ್ತಿದ್ದರೆ ಅಷ್ಟು ದಿನವೂ ಕಾಯದೆ ಇವತ್ತೇ ಹೋಗಿ.

ಕೊನೆಯ ಕಾಲಂ ಇಲ್ಲದ ಡೈರಿಯನ್ನು ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ. ಎಡಪುಟದಲ್ಲಿ ಚಿಂತೆ ಬರೆದು ಬಲಪುಟವನ್ನು ಫಲಿತಾಂಶಕ್ಕೆ ಖಾಲಿ ಬಿಡಿ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಅವಧಿ ಮುಗಿದ ಚಿಂತೆಗಳ ಎದುರು ಆದದ್ದನ್ನು ಒಂದು ಸಾಲಿನಲ್ಲಿ ತುಂಬಿ. ನಿಜವಾಗಿಬಿಟ್ಟ ಚಿಂತೆಗಳನ್ನೂ ಬಿಡದೆ ಬರೆಯಿರಿ, ಆಗ ಯಾರು ನೆರವಾದರು ಎಂಬುದನ್ನೂ ಸೇರಿಸಿ.